ಲಕೋಟೆಯ ಅರಗು, ಮೊಬೈಲಿನ ಬೀಗ

2023ರ ಡಿಸೆಂಬರ್ 1ರ ಶುಕ್ರವಾರ ಬೆಳಿಗ್ಗೆ ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬಗೆಯ ಇ-ಮೇಲ್ ಬಂದಿತ್ತು. ಶಾಲೆಯ ಆವರಣದಲ್ಲಿ ಬಾಂಬ್ ಇಡಲಾಗಿದೆ ಎಂಬುದು ಅದರ ಸಾರಾಂಶ. ಯಲಹಂಕ, ಸದಾಶಿವನಗರ, ಬಸವೇಶ್ವರನಗರ, ಕೋರಮಂಗಲ, ವೈಟ್‌ಫೀಲ್ಡ್ ಹೀಗೆ ನಗರದ ಎಲ್ಲ ದಿಕ್ಕುಗಳ ಶಾಲೆಗಳೂ ಆ ಪಟ್ಟಿಯಲ್ಲಿದ್ದವು. ಮಕ್ಕಳನ್ನು ತರಗತಿಗಳಿಂದ ಹೊರಗೆ ಕಳುಹಿಸಲಾಯಿತು. ಸುದ್ದಿ ಕೇಳಿದ ತಂದೆತಾಯಿಗಳು ಕೆಲಸ ಬಿಟ್ಟು ಶಾಲೆಗಳತ್ತ ಧಾವಿಸಿದರು. ಬಾಂಬ್ ಪತ್ತೆ ದಳಗಳು ಮೂಲೆಮೂಲೆಯನ್ನೂ ಶೋಧಿಸಿದವು. ಎಲ್ಲಿಯೂ ಏನೂ ಸಿಗಲಿಲ್ಲ. ಅದು ಹುಸಿ ಬೆದರಿಕೆಯಾಗಿತ್ತು.

ಆ ಪತ್ರ ಬಂದದ್ದು ‘ನಿಮ್ಮ ಗುಟ್ಟು ನಿಮ್ಮಲ್ಲೇ ಉಳಿಯುತ್ತದೆ’ ಎಂಬ ಭರವಸೆಯ ಮೇಲೆ ನಡೆಯುವ, ಗೂಢಲಿಪಿ ಸೌಲಭ್ಯವುಳ್ಳ ಹೊರದೇಶದ ಇ-ಮೇಲ್ ಸೇವೆಯೊಂದರ ವಿಳಾಸದಿಂದ. ಅದಾಗಿ ಒಂದೂವರೆ ವರ್ಷ ತುಂಬುವ ಮೊದಲೇ ಇದೇ ಬಗೆಯ ಮತ್ತೊಂದು ಸೇವೆಯ ವಿಷಯ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ವಿನ್ಯಾಸ ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಮಾತುಗಳನ್ನೂ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಸುಳ್ಳು ಚಿತ್ರಗಳನ್ನೂ ಹೊತ್ತ ಇ-ಮೇಲ್‌ಗಳು ‘ಪ್ರೋಟಾನ್ ಮೇಲ್’ ಎಂಬ ಸ್ವಿಟ್ಜರ್‌ಲೆಂಡಿನ ಸೇವೆಯ ಮೂಲಕ ಬಂದಿದ್ದವು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಸೇವೆಯನ್ನು ದೇಶದಲ್ಲಿ ತಡೆಹಿಡಿಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69-ಎ ಕಲಮಿನಡಿ ಕ್ರಮ ಆರಂಭಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿದರು.

ಈ ಎರಡು ಪ್ರಸಂಗಗಳನ್ನು ಕೇಳಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಯಾರೂ ಓದಲಾಗದ ಪತ್ರ ಯಾರಿಗೆ ತಾನೇ ಬೇಕು? ಅದು ಕಿಡಿಗೇಡಿಗಳಿಗೆ ಮಾತ್ರ ಬೇಕಾದ ಸಾಧನವಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊಬೈಲ್ ಫೋನಿನಿಂದ ಆರಂಭಿಸದೆ ಮೂರು ಶತಮಾನಗಳಷ್ಟು ಹಿಂದಕ್ಕೆ, ಮೈಸೂರಿನ ಅಂಚೆಯ ಕಾಲಕ್ಕೆ ಹೋಗುವುದು ಮೇಲು.

ಅಂಚೆಯವನೇ ಗೂಢಚಾರ

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಅಂಚೆ ವ್ಯವಸ್ಥೆಯನ್ನು ತಂದ ಕೀರ್ತಿ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. ಅವರು ಆಳಿದ್ದು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಹಾಗೂ 1704ರವರೆಗೆ. ಬೆಂಗಳೂರು ಮೈಸೂರು ಅರಸರ ಕೈಸೇರಿದ್ದೂ ಅವರ ಕಾಲದಲ್ಲಿಯೇ. ಅಂಚೆ ಎಂದರೆ ಇಂದಿನವರಿಗೆ ಕಾಗದ ಮುಟ್ಟಿಸುವ ಇಲಾಖೆ. ಆದರೆ ಅಂದಿನ ಅಂಚೆಗೆ ಇನ್ನೊಂದು ಮುಖವೂ ಇತ್ತು.

ಮೈಸೂರಿನ ಇತಿಹಾಸವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಮಾರ್ಕ್ ವಿಲ್ಕ್ಸ್ ಈ ಮುಖವನ್ನು ಸ್ಪಷ್ಟವಾಗಿ ಗುರುತಿಸಿದ್ದಾನೆ. ಅವನ ಪ್ರಕಾರ ಚಿಕ್ಕದೇವರಾಜರ ಅಂಚೆಯು ಸುದ್ದಿ ಸಾಗಿಸುವ ಸಾಧನ ಮಾತ್ರವಾಗಿರದೆ ಪೊಲೀಸ್ ವ್ಯವಸ್ಥೆಯ ಅಂಗವೂ ಆಗಿತ್ತು. ಅಂಚೆಯ ಮುಖ್ಯಸ್ಥರು ಅರಮನೆಯ ನಂಬಿಕೆಯ ಪ್ರತಿನಿಧಿಗಳು. ಕೆಳಗಿನ ನೌಕರರು ಗೂಢಚಾರರು. ತಮ್ಮ ತಮ್ಮ ಸೀಮೆಯಲ್ಲಿ ಗುಟ್ಟಾಗಿ ನಡೆಯುವುದನ್ನೆಲ್ಲ ಅವರು ಅರಮನೆಗೆ ವರದಿ ಮಾಡುತ್ತಿದ್ದರು. ಈ ಪದ್ಧತಿ ಹೈದರಾಲಿಯ ಕಾಲಕ್ಕೂ ಮುಂದುವರಿದು ಇನ್ನಷ್ಟು ಕಟುವಾಯಿತು ಎಂದೂ ವಿಲ್ಕ್ಸ್ ಹೇಳುತ್ತಾನೆ. ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾದದ್ದು 1889ರಲ್ಲಿ.

ಅಂದರೆ ಕಾಗದ ಹೊತ್ತೊಯ್ಯುವವನೇ ಕಾಗದ ಬರೆಯುವವರ ಮೇಲೂ ಕಣ್ಣಿಡುವ ಪದ್ಧತಿ ಕನ್ನಡ ನಾಡಿಗೆ ಹೊಸದೇನಲ್ಲ. ಈ ಮಾತಿನಲ್ಲಿ ಅರಸರ ಮೇಲಿನ ಆಕ್ಷೇಪಣೆಗಿಂತ ಮುಖ್ಯವಾದ ಒಂದು ತತ್ತ್ವವಿದೆ. ಪತ್ರ ಯಾರ ಕೈಯಲ್ಲಿ ಹಾದು ಹೋಗುತ್ತದೋ ಅವರು ಅದನ್ನು ಓದಬಲ್ಲರು. ಓದಬಲ್ಲವರು ಒಂದಲ್ಲ ಒಂದು ದಿನ ಓದುತ್ತಾರೆ. ಟಿಪ್ಪು ಸುಲ್ತಾನನ ಪತ್ರಗಳ ಗತಿಯೂ ಇದನ್ನೇ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ಕಾಗದಪತ್ರಗಳು ಕಂಪನಿಯವರ ವಶವಾದವು. ತನ್ನ ಅಧಿಕಾರಿಗಳಿಗೂ ರಾಯಭಾರಿಗಳಿಗೂ ಟಿಪ್ಪು ಬರೆಸಿದ್ದ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಅಚ್ಚು ಹಾಕಿಸಿದ. ಪತ್ರ ಬರೆಸಿದವನು ಎಂದೂ ಊಹಿಸದಿದ್ದ ಓದುಗರ ಕೈಗೆ ಅವು ಸಿಕ್ಕವು.

ಗೂಢಲಿಪಿ ನಮಗೆ ಹೊಸತಲ್ಲ

ಹೊತ್ತೊಯ್ಯುವವನನ್ನು ನಂಬಲಾಗದಿದ್ದರೆ ಬರೆಯುವವನಿಗೆ ಉಳಿಯುವ ದಾರಿ ಒಂದೇ. ಕಾಗದ ಸಿಕ್ಕರೂ ಅರ್ಥ ಸಿಗದಂತೆ ಬರೆಯುವುದು. ಈ ಉಪಾಯವೂ ಬಹಳ ಹಳೆಯದು. ವಾತ್ಸ್ಯಾಯನನ ‘ಕಾಮಸೂತ್ರ’ ಪಟ್ಟಿ ಮಾಡುವ ಅರವತ್ತನಾಲ್ಕು ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ ಎಂಬುದೂ ಒಂದು. ಮಾತನ್ನು ಮತ್ತು ಬರಹವನ್ನು ಇತರರಿಗೆ ತಿಳಿಯದಂತೆ ಮಾರ್ಪಡಿಸುವ ಕಲೆ ಅದು. ಕೌಟಿಲ್ಯನ ‘ಅರ್ಥಶಾಸ್ತ್ರ’ ಗೂಢಚಾರರ ಬಗ್ಗೆ ಹೇಳುವಾಗ ‘ಸಂಜ್ಞಾಲಿಪಿ’ ಮತ್ತು ‘ಗೂಢಲೇಖ್ಯ’ಗಳನ್ನು ಹೆಸರಿಸುತ್ತದೆ. ಆ ಗ್ರಂಥದ ಓಲೆಪ್ರತಿ ಬೆಳಕಿಗೆ ಬಂದದ್ದೂ ಮೈಸೂರಿನಲ್ಲಿಯೇ. ಅಲ್ಲಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಕಲೆ ಯಂತ್ರಗಳ ಕೈಗೆ ಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಸಂಕೇತಗಳನ್ನು ಒಡೆದು ಓದಲು ಬ್ರಿಟಿಷರು ದೆಹಲಿಯಲ್ಲಿ ‘ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್’ ಎಂಬ ನಿರುಪದ್ರವಿ ಹೆಸರಿನ ಕೇಂದ್ರವೊಂದನ್ನು ನಡೆಸುತ್ತಿದ್ದರು. ಅದಕ್ಕೆ ಎರಡು ಉಪಕೇಂದ್ರಗಳಿದ್ದವು. ಒಂದು ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಸ್ವಾತಂತ್ರ್ಯಾನಂತರ, 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇನೆಗೆ ಬೇಕಾದ ಸಂಪರ್ಕ ಉಪಕರಣಗಳ ಜೊತೆಗೆ ಗೂಢಲಿಪಿ ಉಪಕರಣಗಳನ್ನೂ ತಯಾರಿಸುತ್ತ ಬಂದಿದೆ. ಯಶವಂತಪುರದಿಂದ ಕೂಗಳತೆಯಲ್ಲಿರುವ ಆ ಪ್ರದೇಶದ ನಿವಾಸಿಗಳಿಗೆ ‘ಬಿಇಎಲ್ ಸರ್ಕಲ್’ ಒಂದು ಬಸ್ ನಿಲ್ದಾಣದ ಹೆಸರು. ದೇಶದ ಗುಟ್ಟು ಕಾಯುವ ಪೆಟ್ಟಿಗೆಗಳಿಗೂ ಅದಕ್ಕೂ ಸಂಬಂಧವುಂಟು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರಲಾರದು.

ಆದರೆ ಗಮನಿಸಬೇಕಾದ ಅಂಶವೊಂದಿದೆ. ಅರಸ, ಸೇನಾಪತಿ, ಗೂಢಚಾರ, ಸರ್ಕಾರ ಇವರಿಗೆ ಮಾತ್ರ ಗೂಢಲಿಪಿ ಎಟುಕುತ್ತಿತ್ತು. ಸಾಮಾನ್ಯ ಜನರ ಪಾಲಿಗಿದ್ದದ್ದು ಲಕೋಟೆಯ ಗೋಂದು. ಹೆಚ್ಚೆಂದರೆ ಅರಗಿನ ಮೊಹರು.

ಕದ್ದಾಲಿಕೆಯ ದಿನಗಳು

ಲಕೋಟೆಯ ಗೋಂದಿಗೂ ಕಾನೂನು ಪೂರ್ಣ ರಕ್ಷಣೆ ಕೊಟ್ಟಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1898ರ ಅಂಚೆ ಕಚೇರಿ ಕಾಯ್ದೆಗಳೆರಡೂ ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣದ ಮೇಲೆ ತಂತಿ ಸಂದೇಶಗಳನ್ನೂ ಅಂಚೆಯ ಪತ್ರಗಳನ್ನೂ ತಡೆಯಲು ಸರ್ಕಾರಕ್ಕೆ ಅಧಿಕಾರ ನೀಡಿದ್ದವು. ಈ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಅಂಚೆ ತಿದ್ದುಪಡಿ ಮಸೂದೆಗೆ 1986ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅದಕ್ಕೆ ಅಂಕಿತ ಹಾಕಲಿಲ್ಲ. ಮಸೂದೆ ಕಾಯ್ದೆಯಾಗಲೇ ಇಲ್ಲ.

ಎರಡು ವರ್ಷಗಳ ನಂತರ ಈ ವಿಷಯ ಕರ್ನಾಟಕದ ಮನೆಬಾಗಿಲಿಗೇ ಬಂತು. ರಾಜಕಾರಣಿಗಳ ದೂರವಾಣಿಗಳನ್ನು ಕದ್ದು ಕೇಳಲಾಗಿದೆ ಎಂಬ ಆರೋಪ ಸುತ್ತಿಕೊಂಡು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ನೀಡಬೇಕಾಯಿತು. ದೂರವಾಣಿ ಕದ್ದಾಲಿಕೆ ಎಂಬ ಮಾತು ಕನ್ನಡದ ಮನೆಮನೆಗೆ ಪರಿಚಯವಾದದ್ದು ಆಗ. ಮೂರು ದಶಕಗಳ ಬಳಿಕ, 2019ರ ಆಗಸ್ಟ್‌ನಲ್ಲಿ, ರಾಜ್ಯದಲ್ಲಿ ಮತ್ತೆ ಅಂತಹುದೇ ಆರೋಪಗಳೆದ್ದು ಅವುಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಲಾಯಿತು. ಪಕ್ಷಗಳು ಬದಲಾದರೂ ಕಿವಿಗಳು ಬದಲಾಗಿರಲಿಲ್ಲ.

ಈ ನಡುವೆ ನ್ಯಾಯಾಲಯಗಳು ಎರಡು ದೊಡ್ಡ ಹೆಜ್ಜೆ ಇಟ್ಟವು. 1996ರ ಡಿಸೆಂಬರ್ 18ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೂರವಾಣಿ ಸಂಭಾಷಣೆ ವ್ಯಕ್ತಿಯ ಖಾಸಗಿ ಬದುಕಿನ ಭಾಗವೆಂದು ಹೇಳಿ, ಕದ್ದಾಲಿಕೆಗೆ ಮೇಲಧಿಕಾರಿಯ ಲಿಖಿತ ಆದೇಶ, ಕಾಲಮಿತಿ, ಪರಿಶೀಲನಾ ಸಮಿತಿ ಮೊದಲಾದ ಕಟ್ಟುಪಾಡುಗಳನ್ನು ವಿಧಿಸಿತು. ಎರಡನೆಯ ಹೆಜ್ಜೆಯ ಹಿಂದೆ ಇದ್ದವರು ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರಿಂದಲೇ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ಉತ್ತರ ನೀಡಿತು. ಖಾಸಗಿತನ ಸಂವಿಧಾನದತ್ತ ಮೂಲಭೂತ ಹಕ್ಕು. 2024ರಲ್ಲಿ ಪುಟ್ಟಸ್ವಾಮಿ ನಿಧನರಾದರು. ಅವರ ಹೆಸರು ಮಾತ್ರ ದೇಶದ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಉಳಿದಿದೆ.

ಪೋಸ್ಟ್ ಕಾರ್ಡಿನಂತಹ ಇ-ಮೇಲ್

ಇನ್ನು ಇ-ಮೇಲ್‌ನ ಕಥೆಗೆ ಬರೋಣ. ಭಾರತದಲ್ಲಿ ಗಣಕಯಂತ್ರಗಳ ನಡುವೆ ಪತ್ರ ಓಡಾಡತೊಡಗಿದ್ದು ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲದ ಮೂಲಕ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ ಈ ಜಾಲದಲ್ಲಿ ಐದು ಐಐಟಿಗಳೊಂದಿಗೆ, ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯೂ ಮೊದಲ ಸದಸ್ಯರಲ್ಲೊಂದಾಗಿತ್ತು. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಸಿಟಿ ಬಸ್ಸುಗಳಲ್ಲಿ ಹೆಸರಾದ ಆ ಆವರಣ ಬೆಂಗಳೂರಿನ ಇ-ಮೇಲ್‌ಗೆ ತವರುಮನೆ ಎನ್ನಬಹುದು. ಸಾರ್ವಜನಿಕರಿಗೆ ಇಂಟರ್‌ನೆಟ್ ಸೌಲಭ್ಯ ಸಿಕ್ಕಿದ್ದು 1995ರ ಆಗಸ್ಟ್ 15ರ ನಂತರ. ಮರುವರ್ಷವೇ, 1996ರ ಜುಲೈ 4ರಂದು, ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಅವರ ಸಹೋದ್ಯೋಗಿ ಜಾಕ್ ಸ್ಮಿತ್ ಅಮೆರಿಕದಲ್ಲಿ ‘ಹಾಟ್‌ಮೇಲ್’ ಆರಂಭಿಸಿದರು. ಯಾವ ಊರಿನ ಯಾವ ಗಣಕಯಂತ್ರದಲ್ಲಾದರೂ ಕುಳಿತು ಬಿಟ್ಟಿಯಾಗಿ ಪತ್ರ ಓದುವ, ಬರೆಯುವ ಸೌಲಭ್ಯ ಅದು.

ಈ ಅನುಕೂಲದ ಜೊತೆಗೇ ಒಂದು ದೊಡ್ಡ ಬದಲಾವಣೆಯೂ ಸದ್ದಿಲ್ಲದೆ ಆಯಿತು. ಹಿಂದೆ ಕಾಗದ ತಲುಪಿದ ಮೇಲೆ ಅದು ಮನೆಯ ತಂತಿಗೋ ಪೆಟ್ಟಿಗೆಗೋ ಸೇರುತ್ತಿತ್ತು. ಅಂಚೆ ಕಚೇರಿಯಲ್ಲಿ ಅದರ ಪ್ರತಿ ಉಳಿಯುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಪತ್ರಗಳೆಲ್ಲ ಕಂಪನಿಯ ಉಗ್ರಾಣದಲ್ಲೇ ಉಳಿದವು. ಓದುಗ ತನ್ನ ಪತ್ರ ನೋಡಬೇಕಾದರೂ ಆ ಉಗ್ರಾಣಕ್ಕೇ ಹೋಗಿ ನೋಡಬೇಕು.

ಭಾರತಕ್ಕೆ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ. ಕಾರ್ಡಿನ ಮೇಲೆ ಬರೆದದ್ದನ್ನು ಅಂಚೆಯಣ್ಣ ಓದಬಲ್ಲನೆಂದು ಎಲ್ಲರಿಗೂ ಗೊತ್ತಿತ್ತು. ಎಷ್ಟೋ ಹಳ್ಳಿಗಳಲ್ಲಿ ಓದಿ ಹೇಳುತ್ತಿದ್ದವನೂ ಅವನೇ. ಆದ್ದರಿಂದ ಗುಟ್ಟಿನ ಮಾತನ್ನು ಯಾರೂ ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ. ಇ-ಮೇಲ್ ಮೂಲತಃ ಪೋಸ್ಟ್ ಕಾರ್ಡೇ. ಆದರೆ ಅದು ಲಕೋಟೆಯ ವೇಷ ತೊಟ್ಟಿದೆ. ಇಂದು ಹೆಚ್ಚಿನ ಸೇವೆಗಳು ಪತ್ರ ದಾರಿಯಲ್ಲಿ ಸಾಗುವಾಗ ಅದನ್ನು ಗೂಢಲಿಪಿಗೆ ಪರಿವರ್ತಿಸುತ್ತವೆ, ನಿಜ. ಇದು ಮುಚ್ಚಿದ ಅಂಚೆ ಗಾಡಿ ಇದ್ದಂತೆ. ದಾರಿಹೋಕರಿಗೆ ಪತ್ರ ಕಾಣದು; ಆದರೆ ಕಳುಹಿಸುವ ಕಚೇರಿಯಲ್ಲೂ ತಲುಪುವ ಕಚೇರಿಯಲ್ಲೂ ಅದು ತೆರೆದೇ ಇರುತ್ತದೆ. ಹೆಬ್ಬಾಳದ ಮೇಲುಸೇತುವೆಯ ಮೇಲೆ ನಿಂತ ಬಸ್ಸಿನಲ್ಲಿ ಕುಳಿತೇ ಸಂಬಳದ ಚೀಟಿ, ರಕ್ತ ಪರೀಕ್ಷೆಯ ವರದಿ, ಮನೆಯ ಕ್ರಯಪತ್ರದ ಪ್ರತಿಗಳನ್ನು ಫೋನಿನಿಂದ ಕಳುಹಿಸುವವರಿಗೆ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ‘ತುದಿಯಿಂದ ತುದಿಗೆ ಗೂಢಲಿಪಿ’ ಅಥವಾ ‘ಎಂಡ್ ಟು ಎಂಡ್ ಎನ್‌ಕ್ರಿಪ್ಷನ್’ ಎಂದರೆ ಬರೆದವರ ಫೋನಿನಲ್ಲೇ ಮುಚ್ಚಿ ಓದುವವರ ಫೋನಿನಲ್ಲೇ ತೆರೆಯುವ ವ್ಯವಸ್ಥೆ. ನಡುವಿನ ಕಂಪನಿಗೂ ಅದು ಅರ್ಥವಾಗದ ಅಕ್ಷರಗಳ ರಾಶಿ.

ಬೀಗ ಊರಿಗೆಲ್ಲ, ಬೀಗದ ಕೈ ಒಬ್ಬರಿಗೆ

ಸಾವಿರಾರು ವರ್ಷ ಗೂಢಲಿಪಿಗೆ ಒಂದು ತೊಡಕು ಅಂಟಿಕೊಂಡಿತ್ತು. ಬರೆಯುವವನು, ಓದುವವನು ಇಬ್ಬರ ಬಳಿಯೂ ಒಂದೇ ಬೀಗದ ಕೈ ಇರಬೇಕು. ದೂರದಲ್ಲಿರುವವನಿಗೆ ಆ ಬೀಗದ ಕೈಯನ್ನು ಗುಟ್ಟಾಗಿ ಮುಟ್ಟಿಸುವುದು ಹೇಗೆ? ಈ ಒಗಟನ್ನು ಬಹಿರಂಗವಾಗಿ ಬಿಡಿಸಿದವರು ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್, ವರ್ಷ 1976. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೆ ಬಳಕೆಗೆ ಯೋಗ್ಯವಾದ ಗಣಿತದ ರೂಪ ಕೊಟ್ಟರು. ಬ್ರಿಟನ್ನಿನ ಗೂಢಚಾರ ಇಲಾಖೆಯ ಗಣಿತಜ್ಞರು ಇದನ್ನು ಕೆಲವು ವರ್ಷ ಮೊದಲೇ ಕಂಡುಕೊಂಡಿದ್ದರೆಂಬುದು 1997ರಲ್ಲಷ್ಟೇ ಹೊರಬಿತ್ತು.

ಉಪಾಯ ಸರಳವಾದದ್ದು. ಪ್ರತಿಯೊಬ್ಬರಿಗೂ ಒಂದು ಬೀಗ, ಅದಕ್ಕೊಂದು ಬೀಗದ ಕೈ. ತೆರೆದ ಬೀಗಗಳನ್ನು ಊರಿಗೆಲ್ಲ ಹಂಚಬಹುದು. ಯಾರು ಬೇಕಾದರೂ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಆ ಬೀಗವನ್ನು ಅದುಮಿ ಮುಚ್ಚಬಹುದು. ಮುಚ್ಚಿದ ಮೇಲೆ ಮುಚ್ಚಿದವನೂ ತೆರೆಯಲಾರ. ಬೀಗದ ಕೈ ಇರುವವರು ಮಾತ್ರ ತೆರೆಯಬಲ್ಲರು. ಬೀಗದ ಕೈಯನ್ನು ಯಾರಿಗೂ ಕಳುಹಿಸುವ ಅಗತ್ಯವೇ ಇಲ್ಲ. ಇದರ ಹಿಂದಿನ ಗಣಿತವೂ ಶಾಲಾ ಮಕ್ಕಳಿಗೆ ಎಟುಕುವಂತಹುದೇ. 61ನ್ನು 53ರಿಂದ ಗುಣಿಸಿದರೆ 3233 ಎಂದು ಯಾರಾದರೂ ಕ್ಷಣದಲ್ಲಿ ಹೇಳುತ್ತಾರೆ. ಆದರೆ 3233 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಕಾಗದ ಪೆನ್ಸಿಲು ಬೇಕಾಗುತ್ತದೆ. ಸಂಖ್ಯೆಗಳು ನೂರಾರು ಅಂಕೆಗಳಷ್ಟು ಉದ್ದವಾದರೆ ಇಂದಿನ ಬಲಾಢ್ಯ ಗಣಕಯಂತ್ರಗಳೂ ಸೋಲುತ್ತವೆ. ಗುಣಿಸುವುದು ಬೀಗ ಹಾಕಿದಂತೆ. ಬಿಡಿಸುವುದು ಬೀಗ ಒಡೆದಂತೆ.

ಅರಸರ ವಿದ್ಯೆಯಾಗಿದ್ದ ಗೂಢಲಿಪಿ ಜನರ ಕೈಗೆ ಬಂದದ್ದು 1991ರಲ್ಲಿ. ಅಮೆರಿಕದ ಫಿಲ್ ಜಿಮ್ಮರ್‌ಮನ್ ‘ಪಿಜಿಪಿ’ ಎಂಬ ತಂತ್ರಾಂಶ ಬರೆದು ಬಿಟ್ಟಿಯಾಗಿ ಹಂಚಿದ. ಪ್ರಬಲ ಗೂಢಲಿಪಿಯನ್ನು ಆಗ ಅಮೆರಿಕ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿಟ್ಟಿತ್ತು. ಪರವಾನಗಿ ಇಲ್ಲದೆ ಅದು ದೇಶದ ಗಡಿ ದಾಟಿದ ಬಗ್ಗೆ ಆತನ ಮೇಲೆ ವಿಚಾರಣೆ ನಡೆಯಿತು. ಕೊನೆಗೆ 1996ರ ಜನವರಿಯಲ್ಲಿ ಆರೋಪ ಹೊರಿಸದೆಯೇ ವಿಚಾರಣೆ ಕೈಬಿಡಲಾಯಿತು.

ಜಾಣರಿಗೂ ಕಷ್ಟವಾದದ್ದು

ಆದರೂ ಜನ ಅದನ್ನು ಬಳಸಲಿಲ್ಲ. ಕಾರಣ ಭಯವಲ್ಲ, ತಲೆನೋವು. 1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಎಂಬ ಸಂಶೋಧಕರು ಹನ್ನೆರಡು ಮಂದಿಗೆ ಪಿಜಿಪಿ ಕೊಟ್ಟು ತೊಂಬತ್ತು ನಿಮಿಷಗಳಲ್ಲಿ ಸಹಿ ಸಹಿತ ಗೂಢಲಿಪಿಯ ಪತ್ರ ಕಳುಹಿಸುವಂತೆ ಹೇಳಿದರು. ಸರಿಯಾಗಿ ಮಾಡಿ ಮುಗಿಸಿದವರು ಮೂರನೇ ಒಂದು ಭಾಗ ಮಾತ್ರ. ಕೆಲವರು ಗುಟ್ಟಿನ ಮಾತನ್ನು ಗೂಢಲಿಪಿ ಇಲ್ಲದೆಯೇ ಕಳುಹಿಸಿಬಿಟ್ಟಿದ್ದರು. ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಹಾಕಲು ಬಾರದಿದ್ದರೆ ಬಾಗಿಲು ತೆರೆದಂತೆಯೇ ಎಂಬುದು ಆ ಪ್ರಯೋಗದ ಪಾಠ.

ಈ ಪಾಠ ಜಾರಿಗೆ ಬರಲು ಬಹಳ ಕಾಲ ಹಿಡಿಯಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕ ಸರ್ಕಾರದ ಜಾಗತಿಕ ಗೂಢಚರ್ಯೆಯನ್ನು ಬಯಲು ಮಾಡಿದ ಬಳಿಕ ಸುಲಭ ಸಾಧನಗಳಿಗೆ ಬೇಡಿಕೆ ಎದ್ದಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು 2014ರಲ್ಲಿ ಪ್ರೋಟಾನ್ ಮೇಲ್ ಆರಂಭಿಸಿದ್ದು ಈ ಹಿನ್ನೆಲೆಯಲ್ಲಿ. 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ಎಲ್ಲ ಬಳಕೆದಾರರ ಸಂದೇಶಗಳಿಗೂ ತುದಿಯಿಂದ ತುದಿಗೆ ಗೂಢಲಿಪಿ ಅಳವಡಿಸಿತು. ಆರ್.ಟಿ. ನಗರದ ಗೃಹಿಣಿಯೂ ಯಲಹಂಕದ ತರಕಾರಿ ವ್ಯಾಪಾರಿಯೂ ತಮಗರಿಯದೆಯೇ ಡಿಫಿ, ಹೆಲ್‌ಮನ್‌ರ ಗಣಿತದ ಫಲಾನುಭವಿಗಳಾದರು.

ಮೊಬೈಲಿನಲ್ಲಿ ಹೇಗೆ?

ಇ-ಮೇಲ್‌ಗೂ ಇಂದು ಎರಡು ದಾರಿಗಳಿವೆ. ಮೊದಲನೆಯದು ಪ್ರೋಟಾನ್, ಟೂಟಾ ಮುಂತಾದ ಸೇವೆಗಳ ಹಾದಿ. ಒಂದೇ ಸೇವೆಯ ಇಬ್ಬರು ಗ್ರಾಹಕರ ನಡುವೆ ಓಡಾಡುವ ಪತ್ರಕ್ಕೆ ಬೀಗ ತಾನಾಗಿಯೇ ಬೀಳುತ್ತದೆ. ಬಳಸುವವರು ಏನನ್ನೂ ಕಲಿಯಬೇಕಾಗಿಲ್ಲ. ಬೇರೆ ಸೇವೆಯವರಿಗೆ ಕಳುಹಿಸುವಾಗ ಗುಪ್ತಪದವೊಂದನ್ನು ಇಡಬಹುದು. ಆ ಪದವನ್ನು ಮತ್ತೊಂದು ಇ-ಮೇಲ್‌ನಲ್ಲಿ ಬರೆಯದೆ ಫೋನಿನಲ್ಲೋ ಎದುರಿನಲ್ಲೋ ತಿಳಿಸಬೇಕು. ಎರಡನೆಯದು ತಮ್ಮ ಹಳೆಯ ವಿಳಾಸವನ್ನೇ ಉಳಿಸಿಕೊಂಡು ಬೀಗವನ್ನು ತಾವೇ ಹಾಕುವ ಹಾದಿ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ‘ಕೆ-9 ಮೇಲ್’, ಅದರ ಆಧಾರದ ಮೇಲೆ 2024ರ ಅಕ್ಟೋಬರ್‌ನಲ್ಲಿ ಬಂದ ‘ಥಂಡರ್‌ಬರ್ಡ್’ ಎಂಬ ತಂತ್ರಾಂಶಗಳನ್ನು ‘ಓಪನ್‌ಕೀಚೈನ್’ ಎಂಬ ಬೀಗದ ಕೈ ಗೊಂಚಲಿನೊಡನೆ ಜೋಡಿಸಬಹುದು. ಬೀಗದ ವಿನಿಮಯವನ್ನು ಪತ್ರಗಳ ಜೊತೆಯಲ್ಲೇ ತಾನಾಗಿ ನಡೆಸುವ ‘ಆಟೋಕ್ರಿಪ್ಟ್’ ಪದ್ಧತಿ 2017ರಿಂದ ರೂಢಿಗೆ ಬಂದಿದೆ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಬಂದ ಬೀಗ ನಿಜಕ್ಕೂ ಆ ವ್ಯಕ್ತಿಯದೇ ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಬೀಗದ ಕೈ ಕಳೆದುಕೊಂಡರೆ ಹಳೆಯ ಪತ್ರಗಳನ್ನು ಯಾವ ಕಂಪನಿಯೂ ತೆರೆದುಕೊಡಲಾರದು. ಪತ್ರದ ‘ವಿಷಯ’ದ ಸಾಲು ಹಲವು ಪದ್ಧತಿಗಳಲ್ಲಿ ಬೀಗದ ಹೊರಗೇ ಉಳಿಯುತ್ತದೆ, ಗುಟ್ಟನ್ನು ಅಲ್ಲಿ ಬರೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಫೋನೇ ಬೇರೆಯವರ ಕೈಗೆ ಸಿಕ್ಕರೆ ಗಣಿತ ಕಾಪಾಡದು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟಂತಾದೀತು.

ಮೂಗರ್ಜಿ ಬೇರೆ, ಗುಟ್ಟಿನ ಪತ್ರ ಬೇರೆ

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕನ್ನಡದ ಕಚೇರಿಗಳಲ್ಲಿ ‘ಮೂಗರ್ಜಿ’ ಎಂಬ ಅರ್ಥಪೂರ್ಣ ಪದವೊಂದಿದೆ. ಬರೆದವರ ಹೆಸರಿಲ್ಲದ ಅರ್ಜಿಗೆ ಆ ಹೆಸರು. ಮೂಗರ್ಜಿಯಲ್ಲಿ ಮಾತು ಬಯಲಾಗಿರುತ್ತದೆ, ಬರೆದವರು ಮರೆಯಲ್ಲಿರುತ್ತಾರೆ. ಅರಗಿನ ಮೊಹರಿನ ಲಕೋಟೆಯಲ್ಲಿ ಬರೆದವರ ಹೆಸರು ಹೊರಗೇ ಇರುತ್ತದೆ, ಮಾತು ಮರೆಯಲ್ಲಿರುತ್ತದೆ. ಎರಡೂ ಬೇರೆ ಬೇರೆ ಸಂಗತಿಗಳು.

ಶಾಲೆಗಳಿಗೆ ಬಂದ ಬೆದರಿಕೆಯಲ್ಲಿ ಮುಚ್ಚಿಟ್ಟ ಮಾತು ಯಾವುದೂ ಇರಲಿಲ್ಲ. ಓದಬೇಕಾದವರು ಅದನ್ನು ಓದಿಯೇ ಹೆದರಿದರು. ಆ ಮಹಿಳೆಯರಿಗೆ ಬಂದ ಇ-ಮೇಲ್‌ಗಳ ವಿಷಯವೂ ಬಯಲಾಗಿಯೇ ಇತ್ತು. ಕಾಣೆಯಾಗಿದ್ದದ್ದು ಕಳುಹಿಸಿದವರ ಗುರುತು. ಅಂದರೆ ಇವು ಮೂಗರ್ಜಿಯ ಸಂತತಿ, ಗೂಢಲಿಪಿಯ ಸಂತತಿಯಲ್ಲ. ಸುಳ್ಳು ಹೆಸರಿನ ಖಾತೆಯನ್ನು ಗೂಢಲಿಪಿ ಇಲ್ಲದ ಬಿಟ್ಟಿ ಸೇವೆಗಳಲ್ಲೂ ತೆರೆಯಬಹುದು. ಗೂಢಲಿಪಿಯ ಸೇವೆಗಳು ಗುರುತಿನ ವಿವರವನ್ನೂ ಕಡಿಮೆ ಕೇಳುವುದರಿಂದ ಕಿಡಿಗೇಡಿಗಳು ಅತ್ತ ಒಲಿಯುತ್ತಾರೆ ಎಂಬುದೂ ಅಷ್ಟೇ ನಿಜ. ಹಾಗೆಂದು ಅಂತಹ ಸೇವೆಗಳು ಕಾನೂನಿನ ಕೈಗೆ ಪೂರ್ತಿ ನಿಲುಕದವೂ ಅಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಪ್ರೋಟಾನ್ ಸಂಸ್ಥೆ ಫ್ರಾನ್ಸಿನ ಹೋರಾಟಗಾರರೊಬ್ಬರ ಸಂಪರ್ಕ ವಿಳಾಸವನ್ನು ದಾಖಲಿಸಿ ಒಪ್ಪಿಸಬೇಕಾಯಿತು. ಪತ್ರಗಳ ಒಡಲನ್ನು ಮಾತ್ರ ಅದು ಕೊಡುವಂತಿರಲಿಲ್ಲ. ಲಕೋಟೆಯ ಮೇಲಿನ ವಿವರವನ್ನು ಕಾನೂನು ಪಡೆಯಬಲ್ಲುದು ಎಂಬುದಕ್ಕೆ ಇದು ನಿದರ್ಶನ. ಆದರೆ ಬೆಂಗಳೂರಿನ ಠಾಣೆಯ ಕೋರಿಕೆ ಹೊರದೇಶದ ಅಧಿಕಾರಿಯ ಮೇಜಿಗೆ ತಲುಪುವ ದಾರಿ ದೂರದ್ದು. ಅಷ್ಟರಲ್ಲಿ ಸುಳ್ಳು ಚಿತ್ರಗಳಿಂದ ನೊಂದ ಹೆಣ್ಣುಮಗಳು ಪ್ರತಿದಿನ ಕಚೇರಿಗೆ ಹೋಗಬೇಕು. ಅವಳ ಸಂಕಟದ ಮುಂದೆ ಗಣಿತದ ಸೊಬಗನ್ನು ಬಣ್ಣಿಸುವುದು ಸುಲಭವಲ್ಲ. ನ್ಯಾಯಾಲಯದ ಆದೇಶದ ಹಿಂದಿದ್ದದ್ದು ಇಂತಹ ಸಂಕಟವೇ.

ಸರ್ಕಾರದ ಕೈಯಲ್ಲಿ ಅಧಿಕಾರವೂ ಕಡಿಮೆ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನ ಪ್ರಕಾರ ಗೂಢಲಿಪಿ ಬಿಡಿಸಿಕೊಡಲು ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಗೂಢಲಿಪಿ ನೀತಿಯ ಕರಡು, ಜನರು ತಮ್ಮ ಸಂದೇಶಗಳ ಸಾದಾ ಪ್ರತಿಯನ್ನು 90 ದಿನ ಕಾಪಿಡಬೇಕೆಂದು ಹೇಳಿತ್ತು. ವ್ಯಾಪಕ ವಿರೋಧ ಬಂದು ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 1898ರ ಅಂಚೆ ಕಾಯ್ದೆಯ ಜಾಗದಲ್ಲಿ 2024ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಅಂಚೆ ಕಾಯ್ದೆಯಲ್ಲೂ ಪತ್ರ ತಡೆಯುವ ಅಧಿಕಾರ ಮುಂದುವರಿದಿದೆ.

ಹೀಗೆ ಚಿಕ್ಕದೇವರಾಜರ ಕಾಲದ ಪ್ರಶ್ನೆ ಇನ್ನೂ ಮುಗಿದಿಲ್ಲ. ಪತ್ರವನ್ನು ಹೊತ್ತೊಯ್ಯುವವರು ಓದಬಹುದೇ? ಅಂದು ಉತ್ತರ ಅರಸನ ಇಚ್ಛೆಯಲ್ಲಿತ್ತು, ನಂತರ ಕಾನೂನಿನ ಪುಸ್ತಕದಲ್ಲಿತ್ತು. ಈಗ ಮೊದಲ ಬಾರಿಗೆ ಉತ್ತರದ ಒಂದು ಪಾಲು ಬರೆಯುವವರ ಕೈಗೂ ಬಂದಿದೆ. ವೈದ್ಯರಿಗೆ ರೋಗಿಯ ವರದಿ ಕಳುಹಿಸುವವರು, ಗಂಡನ ಹೊಡೆತ ತಾಳದೆ ವಕೀಲರಿಗೆ ಬರೆಯುವ ಹೆಂಗಸು, ಕಚೇರಿಯ ಲಂಚದ ಲೆಕ್ಕವನ್ನು ಪತ್ರಕರ್ತರಿಗೆ ತಿಳಿಸಬಯಸುವ ಗುಮಾಸ್ತ ಇವರೆಲ್ಲರಿಗೂ ಆ ಬೀಗ ಬೇಕು. ಬೆದರಿಕೆ ಬರೆಯುವವರನ್ನು ಹಿಡಿಯಲು ಪೊಲೀಸರಿಗೆ ನುರಿತ ತನಿಖೆ, ದೇಶದೇಶಗಳ ನಡುವೆ ಚುರುಕಾದ ಸಹಕಾರ ಬೇಕು. ಮೂಗರ್ಜಿಗಳ ಕಾಟ ತಪ್ಪಿಸಲೆಂದು ಊರಿನ ಲಕೋಟೆಗಳಿಗೆಲ್ಲ ಅಂಟು ಹಾಕಬಾರದೆಂದು ಹಿಂದೆ ಯಾರೂ ಆಜ್ಞೆ ಮಾಡಿರಲಿಲ್ಲ.